ಆ ನೆಲದ ಸೊಪ್ಪು, ನಮ್ಮ ಒಗ್ಗರಣೆ

ಜೂನ್ 24 ಸಂತ ಜಾನನ ಹಬ್ಬ. ದಕ್ಷಿಣ ಜರ್ಮನಿಯ ರೈತರು ಅಂದಿಗೆ ಒಂದು ಬೆಳೆಯನ್ನು ಕೀಳುವುದು ನಿಲ್ಲಿಸುತ್ತಾರೆ. ಏಪ್ರಿಲ್ ನಡುವಿನಿಂದ ಮ್ಯೂನಿಕ್‌ನ ಸಂತೆ ಸಂತೆಯಲ್ಲೂ ರಾಶಿ ಬಿದ್ದಿದ್ದ ಬಿಳಿ ಅಸ್ಪಾರಗಸ್ ದಂಟು (ಇಲ್ಲಿಯವರ ಬಾಯಲ್ಲಿ ಅದು ಶ್ಪಾರ್ಗೆಲ್) ಒಂದೆರಡು ದಿನಗಳಲ್ಲಿ ಮರೆಯಾಗುತ್ತದೆ. ನೆಲದಲ್ಲಿ ಇನ್ನೂ ಮೊಳಕೆ ಬರುತ್ತಿರುತ್ತದೆ, ಕೊಳ್ಳುವವರೂ ಇರುತ್ತಾರೆ. ಆದರೂ ಕೀಳುವುದಿಲ್ಲ. ಆಮೇಲೆ ಬರುವ ಮೊಳಕೆಗಳನ್ನು ಗಿಡವಾಗಲು ಬಿಡಬೇಕು. ಅವು ಹಸಿರು ಗರಿ ಬಿಚ್ಚಿ, ಬೇಸಿಗೆಯ ಬಿಸಿಲು ಕುಡಿದು ಬೇರಿಗೆ ಆಹಾರ ಇಳಿಸಿದರೆ ಮಾತ್ರ ಬರುವ ವಸಂತದಲ್ಲಿ ಮತ್ತೆ ದಂಟು ಸಿಗುತ್ತದೆ.

ಬೆಂಗಳೂರಿನವರಿಗೆ ಹೀಗೆ ಕಾಲಕ್ಕೆ ಕಟ್ಟುಬಿದ್ದ ಬೆಳೆ ಅಪರಿಚಿತವಲ್ಲ. ಮಾಗಿಯ ಚಳಿಗೆ ಮಾಗಡಿ ಕಡೆಯಿಂದ ಅವರೆಕಾಯಿ ಬಂದು ಬಿದ್ದಾಗ ನಮ್ಮ ಮನೆಗಳಲ್ಲೂ ಹೀಗೆಯೇ. ಉಪ್ಪಿಟ್ಟಿಗೂ ಅವರೆ, ಅಕ್ಕಿರೊಟ್ಟಿಗೂ ಅವರೆ, ಸಾರಿಗೂ ಅವರೆ, ಭಾನುವಾರ ಹಿತಕಿದ ಬೇಳೆ. ಸೊಗಡಿಲ್ಲದ ಕಾಯಿ ತಂದರೆ ಹಿರಿಯರು ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದರು. ಮ್ಯೂನಿಕ್‌ನ ಹೋಟೆಲುಗಳು ಶ್ಪಾರ್ಗೆಲ್ ಕಾಲಕ್ಕೆಂದೇ ಬೇರೆ ಮೆನು ಅಚ್ಚು ಹಾಕಿಸುತ್ತವೆ. ಬೇಯಿಸಿದ ದಂಟು, ಆಲೂಗಡ್ಡೆ, ಕಾಯಿಸಿದ ಬೆಣ್ಣೆ, ಅಷ್ಟೇ ಊಟ. ಜನ ಅದಕ್ಕಾಗಿ ವರ್ಷವಿಡೀ ಕಾದಿರುತ್ತಾರೆ. ಕಾಲವನ್ನು ಹಿಗ್ಗಿಸುವ ಆಸೆಯೂ ಎರಡೂ ಕಡೆ ಒಂದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲೂ ಕಾಯಿ ಬಿಡುವ 'ಹೆಬ್ಬಾಳ ಅವರೆ' ತಳಿಗಳನ್ನು ಕೊಟ್ಟಿತು. ಇಲ್ಲಿಯ ರೈತರು ಸಾಲುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕೆಲವರು ಮಣ್ಣಿನೊಳಗೆ ಬಿಸಿನೀರಿನ ಕೊಳವೆ ಹಾಯಿಸಿ, ಮಾರ್ಚ್‌ನಲ್ಲೇ ದಂಟು ಎಬ್ಬಿಸುತ್ತಾರೆ. ಆ ಅವರೆಗೆ ಮಾಗಿಯ ಸೊಗಡು ಬರಲಿಲ್ಲ. ಮಾರ್ಚ್‌ನ ದಂಟಿಗೆ ಮೇ ತಿಂಗಳ ರುಚಿಯೂ ಇರುವುದಿಲ್ಲ.

ದಂಟು ಬೆಳ್ಳಗಿರುವುದು ಬಿಸಿಲು ಕಾಣದ್ದರಿಂದ. ಏರು ಮಾಡಿದ ಮಣ್ಣಿನೊಳಗೇ ಅದು ಗೇಣುದ್ದ ಬೆಳೆಯುತ್ತದೆ. ತುದಿ ಹೊರಗೆ ಇಣುಕಿದರೆ ನೇರಳೆಗೆ ತಿರುಗುತ್ತದೆ. ಏರಿಯ ಮೇಲೆ ಮಣ್ಣು ಬಿರಿದ ಜಾಗ ಗುರುತಿಸಿ, ಬೆರಳಿನಿಂದ ಮಣ್ಣು ಸರಿಸಿ, ಉದ್ದನೆಯ ಚಾಕುವಿನಿಂದ ಒಂದೊಂದೇ ದಂಟನ್ನು ಕತ್ತರಿಸಿ, ಮತ್ತೆ ಮಣ್ಣು ಮುಚ್ಚಬೇಕು. ಈ ಕೆಲಸಕ್ಕೆ ಪ್ರತಿ ವಸಂತದಲ್ಲೂ ರುಮೇನಿಯಾ, ಪೋಲೆಂಡ್‌ಗಳಿಂದ ಕೂಲಿಯವರು ಬರುತ್ತಾರೆ. 2020ರಲ್ಲಿ ಕೊರೋನಾ ಬಂದು ಗಡಿಗಳು ಮುಚ್ಚಿದಾಗ ಇಡೀ ದೇಶಕ್ಕೆ ಮನೆಯಲ್ಲಿರಿ ಎಂದ ಜರ್ಮನ್ ಸರಕಾರವೇ ಏಪ್ರಿಲ್‌ಗೆ 40 ಸಾವಿರ, ಮೇಗೆ 40 ಸಾವಿರ ಕೃಷಿ ಕೂಲಿಗಳು ವಿಮಾನದಲ್ಲಿ ಬರಬಹುದೆಂದು ಅನುಮತಿ ಕೊಟ್ಟಿತು. ಸಂತೆಯಲ್ಲಿ ಒಂದು ಕಟ್ಟು ದಂಟು ಹಿಡಿದಾಗಲೆಲ್ಲ ನನಗೆ ಆ ಬಾಗಿದ ಬೆನ್ನುಗಳು ನೆನಪಾಗುತ್ತವೆ. ಬೆಲೆ ಹೆಚ್ಚಾಯಿತು ಎಂದು ಗೊಣಗಲು ಮನಸ್ಸು ಬರುವುದಿಲ್ಲ.

ನಮ್ಮ ಶತಾವರಿಯೂ ಇದೇ ಕುಲದ ಗಿಡ. ಊರಲ್ಲಿ 'ಹಲವು ಮಕ್ಕಳ ತಾಯಿ ಬೇರು' ಎನ್ನುವ ಆ ಬಳ್ಳಿಯ ಗೆಡ್ಡೆ ನಮಗೆ ಮದ್ದಾಯಿತು, ಇವರಿಗೆ ಅದರ ನಂಟನ ಮೊಳಕೆ ಊಟವಾಯಿತು. ನಾನು ದಂಟಿನ ಸಿಪ್ಪೆಯನ್ನೂ ಬಿಸಾಡುವುದಿಲ್ಲ. ಅದನ್ನು ಕುದಿಸಿದ ನೀರಿಗೆ ತೊಗರಿಬೇಳೆ ಕಟ್ಟು, ಮೆಣಸು, ಜೀರಿಗೆ ಹಾಕಿ ಸಾರು ಮಾಡಿದರೆ ಎರಡು ನಾಡುಗಳೂ ಒಂದೇ ಬಟ್ಟಲಿನಲ್ಲಿ ಕೂರುತ್ತವೆ.

ನಾನು ಹೇಳಹೊರಟಿರುವುದು ಇದನ್ನೇ. ಸಾಫ್ಟ್‌ವೇರ್, ಕಾರು, ಯಂತ್ರಗಳ ಕೆಲಸ ಹಿಡಿದು ಮ್ಯೂನಿಕ್ ಇರುವ ಬವೇರಿಯಾ ರಾಜ್ಯಕ್ಕೆ ಬರುವ ಕನ್ನಡಿಗರು ಈಗ ಬಹಳ. ಬಂದ ಮೊದಲ ವಾರವೇ ಭಾರತದ ದಿನಸಿ ಅಂಗಡಿ ಎಲ್ಲಿದೆ ಎಂದು ಹುಡುಕುತ್ತಾರೆ, ಅದು ಸಹಜ. ತೊಗರಿಬೇಳೆ, ಹುಣಸೆ, ಸಾಸಿವೆ, ಅವಲಕ್ಕಿ ಅಲ್ಲೇ ಸಿಗಬೇಕು. ಆದರೆ ವರ್ಷಗಳು ಕಳೆದರೂ ತರಕಾರಿಯನ್ನೂ ಅಲ್ಲಿಂದಲೇ ತರುವವರಿದ್ದಾರೆ. ವಿಮಾನದಲ್ಲಿ ಬಂದು ಬಾಡಿದ ನುಗ್ಗೆಕಾಯಿ, ನಾರು ಬಲಿತ ಬೆಂಡೆ, ಚಿನ್ನದ ಬೆಲೆಯ ಕರಿಬೇವು. ಇದಕ್ಕೆ ದುಡ್ಡೂ ಹೆಚ್ಚು, ರುಚಿಯೂ ಇಲ್ಲ. ನಮ್ಮ ಅಡುಗೆಯ ಜೀವ ಯಾವುದೋ ಒಂದು ತರಕಾರಿಯಲ್ಲಿಲ್ಲ. ಹುಳಿ, ಪಲ್ಯ, ಗೊಜ್ಜು, ತಂಬುಳಿ, ಮಜ್ಜಿಗೆಹುಳಿ ಇವೆಲ್ಲ ವಿಧಾನಗಳು. ಯಾವ ನೆಲದಲ್ಲಿ ಏನು ಬೆಳೆದರೂ ಅದನ್ನು ಒಳಗೆ ಸೇರಿಸಿಕೊಳ್ಳುವಷ್ಟು ದೊಡ್ಡ ವಿಧಾನಗಳು.

ಈ ನೆಲದ ಬೆಳೆ ಸಿಗುವುದು ಸಂತೆಯಲ್ಲಿ. ಮ್ಯೂನಿಕ್ ಹುಟ್ಟಿದ್ದೇ ಸಂತೆಯ ತಕರಾರಿನಿಂದ. ಉಪ್ಪಿನ ಗಾಡಿಗಳು ಯಾರ ಸೇತುವೆ ದಾಟಬೇಕು, ಸುಂಕ ಯಾರಿಗೆ ಸೇರಬೇಕು ಎಂದು ಒಬ್ಬ ದೊರೆಗೂ ಒಬ್ಬ ಬಿಷಪ್‌ಗೂ ಜಗಳವಾಗಿ, 1158ರಲ್ಲಿ ಚಕ್ರವರ್ತಿ ಬಾರ್ಬರೋಸ್ಸಾ ತೀರ್ಪು ಕೊಟ್ಟ ಪತ್ರದಲ್ಲೇ ಈ ಊರಿನ ಹೆಸರು ಮೊದಲು ಕಾಣುವುದು. ಈಗ ಪ್ರವಾಸಿಗರು ಕಿಕ್ಕಿರಿಯುವ ಮರಿಯೆನ್‌ಪ್ಲಾಟ್ಸ್ ಚೌಕವೇ ಹಳೆಯ ಮಾರುಕಟ್ಟೆ. ಅಲ್ಲಿ ಜಾಗ ಸಾಲದೆ ಹೋದಾಗ 1807ರಲ್ಲಿ ದೊರೆ ಒಂದನೆಯ ಮ್ಯಾಕ್ಸ್ ಜೋಸೆಫ್ ಅದನ್ನು ಕೂಗಳತೆಯಲ್ಲೇ ಇರುವ ಈಗಿನ ವಿಕ್ಟುವಾಲಿಯೆನ್‌ಮಾರ್ಕ್ಟ್‌ಗೆ ಸಾಗಿಸಿದ. ಎರಡನೆಯ ಮಹಾಯುದ್ಧದ ಬಾಂಬುಗಳಲ್ಲಿ ಅದು ಬಹುಪಾಲು ನಾಶವಾಯಿತು. ಆ ಜಾಗದಲ್ಲಿ ಎತ್ತರದ ಕಟ್ಟಡಗಳನ್ನು ಎಬ್ಬಿಸುವ ಮಾತೂ ಬಂದಿತ್ತು. ನಗರಾಡಳಿತ ಮಾರುಕಟ್ಟೆಯನ್ನೇ ಮತ್ತೆ ಕಟ್ಟಿತು. ಊರಿನ ಜನಪ್ರಿಯ ಹಾಸ್ಯಗಾರರು, ಹಾಡುಗಾರರ ಹೆಸರಿನ ಕಾರಂಜಿಗಳು ಅಂಗಡಿಗಳ ನಡುವೆ ಇವೆ, ಅದರಲ್ಲಿ ಕಾರ್ಲ್ ವಾಲೆಂಟಿನ್‌ದು ಹೆಸರುವಾಸಿ. ಈಸ್ಟರ್‌ಗೆ ಮುಂಚಿನ ಕ್ರೈಸ್ತರ ತಪಸ್ಸಿನ ದಿನಗಳು ಶುರುವಾಗುವ ಮುನ್ನಿನ ಮಂಗಳವಾರ ಅಂಗಡಿಯ ಹೆಂಗಸರೆಲ್ಲ ವೇಷ ತೊಟ್ಟು ಅಲ್ಲಿ ಕುಣಿಯುತ್ತಾರೆ. ತರಕಾರಿ ಮಾರುವವರ ಕುಣಿತ ನೋಡಲು ಇಡೀ ಊರು ಸೇರುವುದೆಂದರೆ ನನಗೆ ಆ ಊರಿನ ಮೇಲೆ ಗೌರವ ಹೆಚ್ಚುತ್ತದೆ.

ಆದರೆ ಮನೆಯ ವಾರದ ತರಕಾರಿ ಅಲ್ಲಿ ತರಲಾಗದು, ಬೆಲೆ ಕೈ ಸುಡುತ್ತದೆ. ಅದಕ್ಕೆ ಬಡಾವಣೆಯ ಸಂತೆಗಳಿವೆ. ಶ್ವಾಬಿಂಗ್‌ನ ಎಲಿಜಾಬೆತ್‌ಮಾರ್ಕ್ಟ್, ಹೈಡ್‌ಹೌಸನ್‌ನ ವೀನರ್ ಮಾರ್ಕ್ಟ್, ಪಾಸಿಂಗ್‌ನ ಪುಟ್ಟ ಮಾರುಕಟ್ಟೆ ಇವು ದಿನವೂ ನಡೆಯುವಂಥವು. ಇವಲ್ಲದೆ ಪ್ರತಿ ಬಡಾವಣೆಯಲ್ಲೂ ವಾರಕ್ಕೊಂದು ದಿನ, ಚರ್ಚಿನ ಮುಂದಿನ ಬಯಲಿನಲ್ಲೋ ರಸ್ತೆಗಳು ಕೂಡುವಲ್ಲೋ ರೈತರ ಗಾಡಿಗಳು ಬಂದು ನಿಲ್ಲುತ್ತವೆ. ಒಂದರಲ್ಲಿ ಸೊಪ್ಪು ತರಕಾರಿ, ಒಂದರಲ್ಲಿ ಚೀಸ್, ಒಂದರಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಮೊಟ್ಟೆ, ಜೇನು. ಕರಾವಳಿಯವರು ಮೀನಿನ ಗಾಡಿಗೆ ಕಾಯುತ್ತಾರೆ. ಸಮುದ್ರ ಬಲು ದೂರ, ಇಲ್ಲಿಯ ತಾಜಾ ಮೀನೆಂದರೆ ಹೊಳೆ, ಕೆರೆಗಳ ಟ್ರೌಟ್. ಬಂಗುಡೆಯ ಮಸಾಲೆ ಅರೆದು ಟ್ರೌಟ್‌ಗೆ ಸವರಿ ಕಾವಲಿಯ ಮೇಲೆ ಹಾಕಿದ ಮಂಗಳೂರಿನ ಗೆಳತಿಯ ಮನೆಯಲ್ಲಿ ಉಂಡಿದ್ದೇನೆ. ಇದೇ ಸರಿಯಾದ ದಾರಿ ಅನ್ನಿಸಿತು.

ಭಾನುವಾರ ಎಲ್ಲವೂ ಬಂದ್. ಭಾನುವಾರದ ವಿಶ್ರಾಂತಿಯನ್ನು ಜರ್ಮನಿ ಸಂವಿಧಾನದಲ್ಲೇ ಬರೆದಿಟ್ಟಿದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು 1949ರಲ್ಲಿ ಹಾಗೆಯೇ ಉಳಿಸಿಕೊಂಡರು. ಹಾಗಾಗಿ ಶನಿವಾರ ಬೆಳಗ್ಗೆ ಇಡೀ ಊರು ಚೀಲ ಹಿಡಿದು ಹೊರಬೀಳುತ್ತದೆ.

ಇಲ್ಲಿಯ ಸಂತೆಯ ರೀತಿ ಬೇರೆ. ಗಾಂಧಿಬಜಾರಿನಲ್ಲಿ ನಾವು ಬೆಂಡೆಯ ತುದಿ ಮುರಿದು, ಸೋರೆಗೆ ಉಗುರು ಊರಿ, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಕೊಳ್ಳುವವರು. ಚೌಕಾಸಿ ಮಾಡಿ, ಕೊನೆಗೆ ಕೊಸರು ಕೇಳಿ, ಕೊತ್ತಂಬರಿ ಕರಿಬೇವು ಮೇಲೆ ಹಾಕಿಸಿಕೊಂಡರೆ ಸಮಾಧಾನ. ಇಲ್ಲಿ ಕೈ ಹಾಕುವಂತಿಲ್ಲ. ಮುಟ್ಟಬೇಡಿ ಎಂದು ಹಲವು ಅಂಗಡಿಗಳಲ್ಲಿ ಬರೆದೇ ಇರುತ್ತದೆ. ಚೌಕಾಸಿಯಂತೂ ಇಲ್ಲವೇ ಇಲ್ಲ, ಕಿಲೋಗೆ ಎಷ್ಟೆಂದು ಫಲಕದಲ್ಲಿ ಬರೆದಿರಬೇಕೆಂಬುದು ಕಾನೂನು. ಸಾಲಿನಲ್ಲಿ ನಿಂತು, ನಿಮ್ಮ ಸರದಿ ಬಂದಾಗ 'ಗ್ರ್ಯೂಸ್ ಗಾಟ್' ಎಂದು ನಮಸ್ಕಾರ ಹೇಳಿ, ಬೇಕಾದ್ದು ಹೇಳಬೇಕು. ಅರ್ಧ ಕಿಲೋಗೆ ಈಗಲೂ 'ಒಂದು ಫುಂಟ್' ಎನ್ನುತ್ತಾರೆ. 19ನೇ ಶತಮಾನದಲ್ಲಿ 500 ಗ್ರಾಮಿಗೆ ನಿಗದಿಯಾದ ಆ ಹಳೆಯ ತೂಕ ಸರಕಾರಿ ಕಾಗದದಿಂದ ಹೋದರೂ ಜನರ ಬಾಯಲ್ಲಿ ಉಳಿದಿದೆ, ನಮ್ಮಲ್ಲಿ ಪಾವು, ಸೇರು ಉಳಿದ ಹಾಗೆ.

ಮುಟ್ಟದೆ ಕೊಳ್ಳುವುದು ಹೇಗೆ ಎಂದು ಮೊದಮೊದಲು ಯಾರಿಗೂ ಕಸಿವಿಸಿ. ಕ್ರಮೇಣ ತಿಳಿಯುತ್ತದೆ, ಆರಿಸುವ ಹೊಣೆಯನ್ನು ಮಾರುವವರೇ ಹೊತ್ತಿರುತ್ತಾರೆ. ಪೇರ್‌ಹಣ್ಣು ಕೇಳಿದರೆ 'ಇವತ್ತಿಗೋ, ನಾಳೆಗೋ?' ಎಂದು ಕೇಳಿ ಅದಕ್ಕೆ ತಕ್ಕಂತೆ ಎತ್ತಿಕೊಡುತ್ತಾರೆ. ಕುಂಬಳ ಯಾವ ಅಡುಗೆಗೆ ಎಂದು ವಿಚಾರಿಸುತ್ತಾರೆ. ಗಾಂಧಿಬಜಾರಿನಲ್ಲಿ ಕೊಳ್ಳುವವರ ಕೈ ಚೆನ್ನಾಗಿ ಪಳಗಿರಬೇಕು, ಇಲ್ಲಿ ಮಾರುವವರ ಕಣ್ಣು. ವಾರ ವಾರವೂ ಅದೇ ಅಂಗಡಿಗೆ ಹೋದರೆ ಆ ಕಣ್ಣಿಗೆ ನಿಮ್ಮ ಗುರುತು ಹತ್ತುತ್ತದೆ, ಆಮೇಲೆ ನಿಮ್ಮ ಚೀಲಕ್ಕೆ ಒಳ್ಳೆಯದೇ ಬೀಳುತ್ತದೆ. ಮಗು ಜೊತೆಗಿದ್ದರೆ ಅದರ ಕೈಗೆ ಒಂದು ಕ್ಯಾರೆಟ್ಟೋ ಸೇಬಿನ ಹೋಳೋ ತಪ್ಪದು. ಇದೂ ಕೊಸರೇ.

ಆಲೂಗಡ್ಡೆಯ ಅಂಗಡಿಯ ಮುಂದೆ ಮಾತ್ರ ನಿಂತು ಕಲಿಯುವುದಿದೆ. ಇಲ್ಲಿ ಆಲೂಗಡ್ಡೆ ಒಂದೇ ಅಲ್ಲ. ಬೆಂದರೂ ಒಡೆಯದ ಗಟ್ಟಿ ಜಾತಿ, ನಡುವಿನದು, ಬೆಂದರೆ ಹಿಟ್ಟಾಗುವುದು ಎಂದು ಮೂರು ವರ್ಗ. ಚೀಲದ ಮೇಲೆ ಅದು ನಮೂದಾಗಿರುತ್ತದೆ. ಮಸಾಲೆದೋಸೆಯ ಪಲ್ಯಕ್ಕೆ, ಬೋಂಡಕ್ಕೆ ಹಿಟ್ಟಾಗುವುದೇ ಬೇಕು. ಸಾಗು, ಹುಳಿಗೆ ಗಟ್ಟಿಯದು. ತಳಿಗಳಿಗೆ ಹೆಣ್ಣುಮಕ್ಕಳ ಹೆಸರು ಹೆಚ್ಚು, ಅದರಲ್ಲಿ ಲಿಂಡಾ ಎಂಬುದರ ಕತೆ ಹೇಳಲೇಬೇಕು. 1974ರಲ್ಲಿ ಬಂದ ಈ ಹಳದಿ ಗೆಡ್ಡೆ ಮನೆಮನೆಯ ಮೆಚ್ಚಿನದಾಗಿತ್ತು. ತಳಿಯ ಹಕ್ಕಿನ 30 ವರ್ಷ ಮುಗಿಯುವ ಹೊತ್ತಿಗೆ, 2004ರಲ್ಲಿ, ಹಕ್ಕು ಹೊಂದಿದ್ದ ಬೀಜದ ಕಂಪನಿ ಅದರ ನೋಂದಣಿಯನ್ನೇ ಹಿಂತೆಗೆದುಕೊಂಡಿತು. ನೋಂದಣಿ ಇಲ್ಲದಿದ್ದರೆ ಬೀಜ ಮಾರುವಂತಿಲ್ಲ. ರೈತರು, ತಿನ್ನುವವರು ಸೇರಿ ಗುಂಪು ಕಟ್ಟಿದರು, ಹೋರಾಡಿದರು. 2010ರಲ್ಲಿ ಲಿಂಡಾ ಮತ್ತೆ ಅಧಿಕೃತವಾಗಿ ಹೊಲಕ್ಕೆ ಬಂತು. ಒಂದು ಆಲೂಗಡ್ಡೆಗಾಗಿ ಆರು ವರ್ಷ ಪಟ್ಟು ಬಿಡದ ಜನ ಇವರು. ನಮ್ಮ ರಾಜಮುಡಿ ಅಕ್ಕಿಗೆ, ಮಟ್ಟುಗುಳ್ಳಕ್ಕೆ ಇಂಥ ಕಾಳಜಿ ಎಷ್ಟಿದ್ದರೂ ಸಾಲದು. ಅಂದ ಹಾಗೆ ಆಲೂಗಡ್ಡೆ ಜರ್ಮನರಿಗೂ ಪರದೇಶದ್ದೇ. ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ 1756ರಲ್ಲಿ ಆಜ್ಞೆ ಹೊರಡಿಸಿ ಬೆಳೆಸಬೇಕಾಯಿತು. ಪಾಟ್ಸ್‌ಡಾಮ್‌ನಲ್ಲಿರುವ ಅವನ ಸಮಾಧಿಯ ಮೇಲೆ ಜನ ಇಂದಿಗೂ ಹೂವಿನ ಜೊತೆ ಆಲೂಗಡ್ಡೆ ಇಟ್ಟು ಹೋಗುತ್ತಾರೆ.

ನಮ್ಮವರಿಗೆ ಮೊದಲು ಕಣ್ಣಿಗೆ ಬೀಳುವುದು ನವಿಲುಕೋಸು. ಇಲ್ಲಿ ಅದು ಕೋಲ್‌ರಾಬಿ, ಇದು ಜರ್ಮನರ ಅಚ್ಚುಮೆಚ್ಚಿನ ತರಕಾರಿ. ಎಳೆಯದನ್ನು ಹಸಿಯಾಗಿಯೇ ಉಪ್ಪು ಹಚ್ಚಿ ತಿನ್ನುತ್ತಾರೆ. ಕೊಳ್ಳುವಾಗ ಅಂಗಡಿಯಾಕೆ 'ಸೊಪ್ಪು ತೆಗೆಯಲೇ?' ಎಂದು ಕೇಳುತ್ತಾಳೆ, ಬಹಳ ಜನ ಹೂಂ ಎನ್ನುತ್ತಾರೆ, ಸೊಪ್ಪು ಪೆಟ್ಟಿಗೆಗೆ ಬೀಳುತ್ತದೆ. ದಯವಿಟ್ಟು ಬೇಡ ಎನ್ನಿ. ಎಳೆಯ ಎಲೆಗಳನ್ನು ಸಣ್ಣಗೆ ಹೆಚ್ಚಿ, ಸಾಸಿವೆ ಒಣಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಹಾಕಿದರೆ ಸೊಗಸಾದ ಪಲ್ಯ. ಬೀಟ್‌ರೂಟಿನ ಸೊಪ್ಪು, ಮೂಲಂಗಿಯ ಸೊಪ್ಪು ಕೂಡ ಹಾಗೆಯೇ. ಬಿಯರ್ ತೋಟಗಳಲ್ಲಿ ಸುರುಳಿಯಾಗಿ ಕೊಯ್ದು ಉಪ್ಪು ಉದುರಿಸಿ ಕೊಡುವ ಉದ್ದನೆಯ ಬಿಳಿ 'ರಾಡಿ' ಅಪ್ಪಟ ಮೂಲಂಗಿ, ಹುಳಿಗೆ ಹೇಳಿ ಮಾಡಿಸಿದ್ದು. ಸುಕ್ಕುಸುಕ್ಕಿನ ಸವಾಯ್ ಕೋಸಿನಲ್ಲಿ ಪತ್ರೊಡೆ ಮಾಡುವವರನ್ನು ಬಲ್ಲೆ. ಕೆಸುವಿನ ತುರಿಕೆಯ ಭಯವೂ ಇಲ್ಲ.

ಹುಳಿಯ ವಿಷಯಕ್ಕೆ ಬರುತ್ತೇನೆ, ನಮ್ಮ ಅಡುಗೆ ನಿಂತಿರುವುದೇ ಅದರ ಮೇಲೆ. ಏಪ್ರಿಲ್‌ನಿಂದ ಜೂನ್‌ವರೆಗೆ ರೂಬಾರ್ಬ್ ಎಂಬ ಕೆಂಪು ದಂಟು ಬರುತ್ತದೆ. ಇಲ್ಲಿಯವರು ಸಕ್ಕರೆ ಸುರಿದು ಕೇಕಿಗೆ ಹಾಕುತ್ತಾರೆ. ಅದರ ಹುಳಿ ಮಾವಿನಕಾಯಿಯ ಹತ್ತಿರಕ್ಕೆ ಬರುತ್ತದೆ. ಬೆಲ್ಲ, ಮೆಂತ್ಯ, ಒಣಮೆಣಸು ಹಾಕಿ ಗೊಜ್ಜು ಮಾಡಿ ನೋಡಿ, ಮಾವಿನಕಾಯಿ ಗೊಜ್ಜಿನ ಬಯಕೆ ಅರ್ಧ ತೀರುತ್ತದೆ. ಎಲೆ ಮಾತ್ರ ವಿಷ, ಅದನ್ನು ತಿನ್ನಬಾರದು. ದಂಟಿನಲ್ಲೂ ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇರುವವರು ದೂರ ಇಡುವುದು ಲೇಸು. ಬಲಿತಂತೆ ಆ ಆಮ್ಲ ಹೆಚ್ಚುವುದರಿಂದ ಇದರ ಕೊಯ್ಲೂ ಜೂನ್ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಗೂಸ್‌ಬೆರಿ. ನಮ್ಮ ನೆಲ್ಲಿಗೂ ಅದಕ್ಕೂ ನಂಟಿಲ್ಲ, ಆದರೂ ಹಸಿರಿದ್ದಾಗ ಜಜ್ಜಿ ಚಿತ್ರಾನ್ನಕ್ಕೆ ಹಾಕಿದರೆ ನಾಲಗೆ ಚುರುಕಾಗುತ್ತದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಉದ್ದನೆಯ ನೀಲಿ ಪ್ಲಮ್ ಬರುತ್ತದೆ, ಅದರ ಸಾಸಿವೆಯನ್ನು ಅನಾನಸ್ ಸಾಸಿವೆಯ ಪಕ್ಕದಲ್ಲಿ ಧೈರ್ಯವಾಗಿ ಇಡಬಹುದು.

ಮಲೆನಾಡಿನವರು ಮಾರ್ಚ್ ಕೊನೆಗೆ ಸಂತೆಗೆ ಹೋಗಲೇಬೇಕು. ಕಾಡು ಬೆಳ್ಳುಳ್ಳಿಯ ಸೊಪ್ಪು ಬಂದಿರುತ್ತದೆ, ಬೇರ್‌ಲೌಖ್ ಎಂದು ಹೆಸರು. ಎಲೆ ಹಿಸುಕಿದರೆ ಬೆಳ್ಳುಳ್ಳಿಯ ಘಮ. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿ ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸಿದರೆ ಚೊಕ್ಕ ತಂಬುಳಿ. ಒಂದೆಲಗ, ಚಕ್ರಮುನಿ, ಸಾಂಬಾರಬಳ್ಳಿಗಳಿಂದ ತಂಬುಳಿ ಮಾಡಿದವರ ಕೈಗೆ ಇದೇನೂ ಹೊಸತಲ್ಲ. ಇಜಾರ್ ನದಿಯ ದಂಡೆಯ ಕಾಡಿನಲ್ಲೂ ಇದು ಹಾಸಿಗೆಯಂತೆ ಬೆಳೆಯುತ್ತದೆ. ಕಾಡಿನಿಂದ ಸ್ವಂತ ಬಳಕೆಗೆ ಒಂದು ಹಿಡಿ ಕೊಯ್ಯಲು ಕಾನೂನು ಒಪ್ಪುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಆದರೆ ಹೊಸಬರು ಕೊಯ್ಯಲು ಹೋಗದಿರುವುದೇ ಒಳ್ಳೆಯದು. ಲಿಲಿ ಆಫ್ ದ ವ್ಯಾಲಿ, ಶರತ್ಕಾಲದ ಕ್ರೋಕಸ್ ಎಂಬ ಎರಡು ವಿಷದ ಗಿಡಗಳ ಎಲೆ ಇದನ್ನೇ ಹೋಲುತ್ತದೆ. ಎರಡನೆಯದನ್ನು ತಿಂದು ಸತ್ತವರಿದ್ದಾರೆ. ಸಂತೆಯಲ್ಲೇ ಕೊಳ್ಳಿ.

ಚಳಿಗಾಲದಲ್ಲಿ ಏನು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕಡಿಮೆ ಸಿಗುತ್ತದೆ, ನಿಜ. ಬೇರು ಗೆಡ್ಡೆಗಳು, ಕೋಸಿನ ಬಗೆಗಳು, ಉಗ್ರಾಣದ ಸೇಬು, ಪೀಪಾಯಿಯ ಹುಳಿಕೋಸು, ಸಿಪ್ಪೆ ಸಮೇತ ಬೇಯಿಸಬಹುದಾದ ಹೊಕ್ಕೈಡೊ ಕುಂಬಳ. ಕೊರೆಯುವ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತ ರೈತನಿಂದ ಕೊಂಡ ಕುಂಬಳದ ಮಜ್ಜಿಗೆಹುಳಿ ಬಿಸಿ ಅನ್ನಕ್ಕೆ ಸಾಕು. ಕೊತ್ತಂಬರಿ ಸೊಪ್ಪು, ಪುದೀನ, ಬದನೆ ಬೇಕಾದರೆ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಗೋಯ್ಟೆಸ್ಟ್ರಾಸೆ, ಲಾಂಟ್‌ವೇರ್‌ಸ್ಟ್ರಾಸೆ ಬೀದಿಗಳ ತುರ್ಕಿ ಅಂಗಡಿಗಳಿವೆ. ಆ ಸಮುದಾಯ ಈ ದೇಶಕ್ಕೆ ದುಡಿಯಲು ಬಂದು ನಮಗಿಂತ ಬಹು ಮುಂಚೆ ಇಲ್ಲಿ ಸೊಪ್ಪಿನ ವ್ಯಾಪಾರ ಕಟ್ಟಿತು. ನಮ್ಮ ಅಡುಗೆಮನೆಗಳು ಅವರಿಗೆ ಋಣಿ.

ಊರಿನಿಂದ ಸೂಟ್‌ಕೇಸಿನಲ್ಲಿ ತರುತ್ತೇವಲ್ಲ ಎನ್ನುವವರಿಗೆ ಒಂದು ಮಾತು. 2019ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಪ್ರಯಾಣಿಕರು ತಾಜಾ ಹಣ್ಣು, ತರಕಾರಿ, ಸೊಪ್ಪು ತರಬೇಕಾದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಇರಬೇಕು. ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್. ಕರಿಬೇವಿನ ಕಟ್ಟು ತರುವಂತಿಲ್ಲ. ನಿಂಬೆ, ಕಿತ್ತಳೆ ತೋಟಗಳನ್ನು ಕೊಲ್ಲುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಸ್ಪೇನ್, ಇಟಲಿಯ ತೋಟಗಾರರ ಬದುಕು ಅದರ ಮೇಲಿದೆ. ಅಂಗಡಿಗೆ ಸಗಟಾಗಿ ಬರುವ ಭಾರತದ ಕರಿಬೇವಿಗೂ ಕೀಟನಾಶಕದ ಉಳಿಕೆಯ ಕಾರಣ ವರ್ಷಗಳಿಂದ ಹೆಚ್ಚುವರಿ ತಪಾಸಣೆ ಇದೆ, ಅದಕ್ಕೇ ಅಷ್ಟು ಬೆಲೆ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವು, ಬದನೆ, ಹಾಗಲ, ಪಡುವಲ, ಕೆಸುವಿನ ಆಮದನ್ನೇ ನಿಲ್ಲಿಸಿತ್ತು. ಪೆಟ್ಟಿಗೆಗಳಲ್ಲಿ ಹಣ್ಣಿನ ನೊಣ ಮೊದಲಾದ ಕೀಟಗಳು ಮತ್ತೆ ಮತ್ತೆ ಸಿಕ್ಕಿದ್ದವು. ಮಾವಿನ ಮೇಲಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು, ಮಿಕ್ಕವಕ್ಕೆ ಇನ್ನೂ ಕಾಯಬೇಕಾಯಿತು. ಈ ನಿಯಮಗಳ ಮೇಲೆ ಸಿಟ್ಟಾಗುವವರಿದ್ದಾರೆ. ನಾನು ಆಗುವುದಿಲ್ಲ. ನಮ್ಮ ಅಡಿಕೆಗೆ, ಕಾಳುಮೆಣಸಿಗೆ ರೋಗ ಹತ್ತಿದಾಗ ಮನೆಗಳು ಹೇಗೆ ಕುಸಿಯುತ್ತವೆ ಎಂದು ಕಂಡವರು ಪರರ ತೋಟಕ್ಕೆ ಹುಳ ಹೊತ್ತೊಯ್ಯಬಾರದು.

ಸಂತೆಯ ಫಲಕಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಯಾವ ದೇಶದಲ್ಲಿ ಬೆಳೆದದ್ದೆಂದು ಹೆಚ್ಚಿನ ಹಣ್ಣು ತರಕಾರಿಗಳ ಮೇಲೆ ಬರೆಯುವುದು ಕಡ್ಡಾಯ. ಮೊಟ್ಟೆಯ ಚಿಪ್ಪಿನ ಮೇಲೂ ಒಂದು ಸಾಲು ಅಚ್ಚಾಗಿರುತ್ತದೆ. ಮೊದಲ ಅಂಕಿ 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಮೇಯುವ ಕೋಳಿ, 2 ಇದ್ದರೆ ಕೊಟ್ಟಿಗೆಯೊಳಗೆ ಓಡಾಡುವುದು, 3 ಇದ್ದರೆ ಪಂಜರದ್ದು. ಮುಂದೆ ದೇಶ, ಆಮೇಲೆ ಕೋಳಿಸಾಕಣೆಯ ಸಂಖ್ಯೆ. ಇಷ್ಟು ಎಚ್ಚರ ಸುಮ್ಮನೆ ಅಲ್ಲ. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ರಕ್ತಭೇದಿ ಹಬ್ಬಿತು. ಮೊದಲು ಸ್ಪೇನ್‌ನ ಸೌತೆಕಾಯಿಯ ಮೇಲೆ ಗುಮಾನಿ ಬಂದು ಅಲ್ಲಿಯ ರೈತರು ಟನ್‌ಗಟ್ಟಲೆ ಸೌತೆ ಸುರಿದರು. ನಿಜವಾದ ಮೂಲ ಮೊಳಕೆ ಕಾಳು ಎಂದು ಜೂನ್‌ನಲ್ಲಿ ತಿಳಿಯಿತು. ಬೆನ್ನುಹತ್ತಿ ಹೋದಾಗ ಬೆರಳು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದ ಕಡೆ ತೋರಿತು. ಸುಮಾರು 4 ಸಾವಿರ ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೆಂತ್ಯ, ಹೆಸರುಕಾಳು ಮೊಳಕೆ ಕಟ್ಟುವ ನಮ್ಮ ಮನೆಗಳು ಇದನ್ನು ನೆನಪಿಡಬೇಕು. ಮೊಳಕೆ ಬೇಯಿಸಿ ತಿನ್ನುವುದೇ ಕ್ಷೇಮ.

ಬವೇರಿಯಾದ ಅಣಬೆಯ ಕತೆ ಇನ್ನೂ ಹಳೆಯದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಕೆಲವೇ ದಿನಗಳಲ್ಲಿ ಇಲ್ಲಿ ಮಳೆ ಸುರಿಯಿತು. ಮೋಡದಲ್ಲಿ ಬಂದ ವಿಕಿರಣದ ಸೀಸಿಯಂ ದಕ್ಷಿಣ ಬವೇರಿಯಾದ ಕಾಡುಗಳಲ್ಲಿ ಇಳಿಯಿತು. ಸೀಸಿಯಂ-137 ಅರ್ಧ ಕರಗಲು 30 ವರ್ಷ ಬೇಕು. ಕಾಡಿನ ಮಣ್ಣಿನ ಮೇಲ್ಪದರದಲ್ಲೇ ಅದು ನಿಂತಿರುವುದರಿಂದ ಕೆಲವು ಅಣಬೆಗಳಲ್ಲಿ ಈಗಲೂ ಸಿಗುತ್ತದೆ. ಮಾರುವ ಅಣಬೆಯಲ್ಲಿ ಕಿಲೋಗೆ 600 ಬೆಕೆರೆಲ್‌ಗಿಂತ ಹೆಚ್ಚಿರಬಾರದೆಂಬ ಮಿತಿ ಇದೆ. ಹಾಗಾಗಿ ಸಂತೆಯ ಅಣಬೆಯನ್ನು ಹೆದರದೆ ಕೊಳ್ಳಬಹುದು. ಹಳದಿ ಬಣ್ಣದ ಶಾಂತರೆಲ್ ಅಣಬೆ ಜುಲೈನಲ್ಲಿ ಬರುತ್ತದೆ. ಕೊಡಗಿನ ಮಳೆಗಾಲದ ಅಣಬೆ ಸಾರು ಉಂಡವರು ಅದನ್ನು ಬಿಡಬಾರದು.

ಪರದೇಶದ ತರಕಾರಿಗೆ ನಮ್ಮ ಅಡುಗೆ ಬಾಗುತ್ತದೆಯೇ ಎಂಬ ಅನುಮಾನ ಇದ್ದರೆ ಲಾಲ್‌ಬಾಗ್ ನೆನೆಯಬೇಕು. ಜರ್ಮನಿಯ ಡ್ರೆಸ್ಡನ್ ಬಳಿ 1865ರಲ್ಲಿ ಹುಟ್ಟಿದ ಗುಸ್ತಾವ್ ಕ್ರುಂಬಿಗಲ್ ಬರೋಡಾದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡರು. ಒಂದರ ನಂತರ ಒಂದು ಹೂ ಬಿಡುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು ಅವರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಪರದೇಶದ ಗಿಡಗಳನ್ನು ತರಿಸಿ, ನಮ್ಮ ಮಣ್ಣಿಗೆ ಒಗ್ಗುತ್ತವೆಯೇ ಎಂದು ನೋಡಿ, ಹಂಚುವುದು ಆ ತೋಟದ ಕಸುಬಾಗಿತ್ತು. ಕೋಸು, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು ಎಲ್ಲ ಹೊರಗಿನಿಂದ ಬಂದು ಬೆಂಗಳೂರಿನ ಸುತ್ತ ಬೇರೂರಿದವು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅಮೆರಿಕ ಖಂಡದಿಂದ ಬಂದವು. ನಮ್ಮ ಹಿರಿಯರು ಇವನ್ನೆಲ್ಲ ಒಗ್ಗರಣೆಗೆ ಒಗ್ಗಿಸಿಕೊಂಡರು. ನಾವು ಅದೇ ಕೆಲಸವನ್ನು ಇನ್ನೊಂದು ನೆಲದಲ್ಲಿ ಮಾಡಬೇಕು.

ಸಂತೆಗೆ ಹೋಗುವುದರಲ್ಲಿ ಅಡುಗೆಗಿಂತ ದೊಡ್ಡದೊಂದು ಇದೆ. ಸಂಗಾತಿಯ ಕೆಲಸದ ನಿಮಿತ್ತ ಬಂದು ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳು ಅನೇಕರು. ಅವರ ಪದವಿಗೆ ಇಲ್ಲಿ ಮಾನ್ಯತೆ ಸಿಗುವುದು ತಡ, ಭಾಷೆ ಬರುವುದಿಲ್ಲ, ಅಕ್ಕಪಕ್ಕದವರು ಮೆಟ್ಟಿಲಲ್ಲಿ ಸಿಕ್ಕರೆ ನಮಸ್ಕಾರದಷ್ಟೇ. ಸೂಪರ್ ಮಾರ್ಕೆಟ್ಟಿನಲ್ಲಿ ಒಂದೂ ಮಾತಾಡದೆ ವಾರದ ಸಾಮಾನು ತಂದುಬಿಡಬಹುದು. ಸಂತೆಯಲ್ಲಿ ಹಾಗಾಗದು, ಬಾಯಿ ಬಿಡಲೇಬೇಕು. ಎಣಿಕೆ, ತೂಕ, ಬಣ್ಣ, ತಿಂಗಳು, ದಯವಿಟ್ಟು, ಧನ್ಯವಾದ ಎಲ್ಲವೂ ಅಲ್ಲಿ ಕಲಿತದ್ದು ಎನ್ನುವ ಗೆಳತಿಯರಿದ್ದಾರೆ. ಕೆಲವು ವಾರಗಳಾದ ಮೇಲೆ 'ಹೋದ ಶನಿವಾರ ಬರಲಿಲ್ಲವಲ್ಲ, ಹುಷಾರಿಲ್ಲವೇ?' ಎಂದು ಅಂಗಡಿಯವರು ಕೇಳುತ್ತಾರೆ. ಊರಿಗೆ ಊರೇ ಅಪರಿಚಿತವಾಗಿರುವಾಗ ಆ ಒಂದು ಪ್ರಶ್ನೆಗೆ ಎಷ್ಟು ಬೆಲೆ ಎಂಬುದು ಕೇಳಿಸಿಕೊಂಡವರಿಗೇ ಗೊತ್ತು.

ಮೂರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರನ್ನೂ ಅರಮನೆ, ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ಯುವ ಮೊದಲು ಸಂತೆಗೆ ಕರೆದುಕೊಂಡು ಹೋಗಿ. ಅಲ್ಲಿ ಅವರು ಪ್ರವಾಸಿಗರಲ್ಲ, ತಿಳಿದವರು. ಹುರುಳಿಕಾಯಿ ಎಳೆಯದೋ ಬಲಿತದ್ದೋ ಎಂದು ನಮ್ಮಮ್ಮ ದೂರದಿಂದಲೇ ಹೇಳಿದರು. ಮಾರುವಾಕೆ ಒಂದನ್ನು ಮುರಿದು ತೋರಿಸಿದಳು. ಇಬ್ಬರೂ ತಲೆಯಾಡಿಸಿದರು. ನಡುವೆ ನಾನು ಅನುವಾದ ಮಾಡಬೇಕಾಗಿ ಬರಲಿಲ್ಲ.

ಹೊಸದಾಗಿ ಬರುವವರಿಗೆ ನನ್ನದೊಂದು ಬಿನ್ನಹ. ತೊಗರಿಬೇಳೆ, ಸಾಸಿವೆ, ಹುಣಸೆ, ಇಂಗನ್ನು ನಮ್ಮ ಅಂಗಡಿಯಿಂದಲೇ ತನ್ನಿ. ತರಕಾರಿಗೆ ಮಾತ್ರ ನಿಮ್ಮ ಬಡಾವಣೆಯ ಸಂತೆ ಯಾವ ವಾರ, ಎಲ್ಲಿ ಎಂದು ಮೊದಲ ವಾರವೇ ಕೇಳಿ ಇಟ್ಟುಕೊಳ್ಳಿ. ಬಟ್ಟೆಯ ಚೀಲ ಹಿಡಿಯಿರಿ, ಜೇಬಿನಲ್ಲಿ ಚಿಲ್ಲರೆ ಇರಲಿ. ಮನೆಯಿಂದ ಪಟ್ಟಿ ಬರೆದುಕೊಂಡು ಹೋಗಬೇಡಿ. ಇಲ್ಲಿಯದೇ ನೆಲದಲ್ಲಿ ಬೆಳೆದದ್ದು ಇವತ್ತು ಏನಿದೆ ಎಂದು ಕೇಳಿ, ಅದನ್ನು ತಂದು ನಿಮ್ಮ ಮನೆಯ ರೀತಿಯಲ್ಲಿ ಬೇಯಿಸಿ. ಸಂತೆ ಶನಿವಾರವಿದ್ದರೆ ಮಧ್ಯಾಹ್ನಕ್ಕೆ ಮುಂಚೆ ಹೋಗಿ. ಆಮೇಲೆ ಗಾಡಿಗಳು ಹೊರಡುತ್ತವೆ, ಭಾನುವಾರ ಏನೂ ತೆರೆದಿರುವುದಿಲ್ಲ.